ಇರುವೆಯಂತೆ ತೋರುವ ಜೀರುಂಡೆ: ಪೀಡೆರಸ್ ಫ್ಯೂಸಿಪೆಸ್‌ನ ಗುರುತು ಮತ್ತು ಪರಿಚಯ

ಮಳೆಗಾಲದ ಒಂದು ಬೆಳಿಗ್ಗೆ ಎದ್ದಾಗ ಕುತ್ತಿಗೆಯ ಮೇಲೋ ಕೆನ್ನೆಯ ಮೇಲೋ ಬೆತ್ತದಿಂದ ಹೊಡೆದಂತಹ ಕೆಂಪು ಗೆರೆಯೊಂದು ಕಾಣಿಸಿಕೊಳ್ಳುತ್ತದೆ. ಮುಟ್ಟಿದರೆ ಉರಿ. ಮರುದಿನದ ಹೊತ್ತಿಗೆ ಗೆರೆಯ ಉದ್ದಕ್ಕೂ ಸಣ್ಣ ನೀರುಗುಳ್ಳೆಗಳು ಏಳುತ್ತವೆ. ಮನೆಯ ಹಿರಿಯರು ಇದು ಜೇಡ ಹರಿದಾಡಿದ್ದರ ಫಲವೆನ್ನುತ್ತಾರೆ. ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ ನೆರೆಮನೆಯವರೂ ‘ಮಕಡಿ’ಯನ್ನೇ, ಎಂದರೆ ಜೇಡವನ್ನೇ, ದೂರುವುದು ಕೇಳಿಬರುತ್ತದೆ. ಮತ್ತೆ ಕೆಲವರು ಸರ್ಪಸುತ್ತೆಂದು ಹೆದರಿ ಕೆಮ್ಮಣ್ಣಿನ ಲೇಪಕ್ಕೆ ಮೊರೆಹೋಗುತ್ತಾರೆ.

ಇಂತಹ ಅನೇಕ ಪ್ರಕರಣಗಳಲ್ಲಿ ಜೇಡವೂ ಕಾರಣವಲ್ಲ, ಸರ್ಪಸುತ್ತೂ ಅಲ್ಲ. ಒಂದೆರಡು ದಿನಗಳ ಹಿಂದೆ ದೀಪದ ಬೆಳಕಿಗೆ ಬಂದು, ಚರ್ಮದ ಮೇಲೆ ಹರಿದು, ನಿದ್ದೆಗಣ್ಣಿನಲ್ಲಿ ಒರಸಿದ ಕೈಗೆ ಸಿಕ್ಕಿ ನಜ್ಜುಗುಜ್ಜಾದ ಜೀರುಂಡೆಯೊಂದು ಇದಕ್ಕೆ ಕಾರಣ. ಗಾಯ ಕಾಣಿಸುವ ವೇಳೆಗೆ ಅದರ ಕುರುಹೂ ಉಳಿದಿರುವುದಿಲ್ಲ. ಅದನ್ನು ಕೊಂದ ನೆನಪೂ ಉಳಿದಿರುವುದಿಲ್ಲ. ಆದುದರಿಂದಲೇ ಈ ಕೀಟದ ಆಕಾರವನ್ನು ಮೊದಲೇ ಅರಿತಿರಬೇಕಾಗುತ್ತದೆ.

ರೂಪಲಕ್ಷಣಗಳು

ಇದರ ಶಾಸ್ತ್ರೀಯ ಹೆಸರು ಪೀಡೆರಸ್ ಫ್ಯೂಸಿಪೆಸ್. ರೋವ್ ಜೀರುಂಡೆಗಳೆಂದು ಕರೆಯಲಾಗುವ ಸ್ಟ್ಯಾಫಿಲಿನಿಡೆ ಕುಟುಂಬಕ್ಕೆ ಇದು ಸೇರಿದೆ. ಜಗತ್ತಿನಲ್ಲಿ ಈ ಕುಟುಂಬದ 60,000ಕ್ಕೂ ಹೆಚ್ಚು ಪ್ರಭೇದಗಳನ್ನು ಈವರೆಗೆ ವರ್ಣಿಸಲಾಗಿದೆ. ಅವುಗಳಲ್ಲಿ ಬಹುಪಾಲು ಎಲೆಗೊಬ್ಬರ, ಸಗಣಿ, ತೇವದ ಮಣ್ಣು ಮುಂತಾದ ಕಡೆ ಮನುಷ್ಯನ ಗೊಡವೆಗೆ ಬಾರದೆ ಬದುಕುತ್ತವೆ.

ಮೊದಲ ನೋಟಕ್ಕೆ ಇದನ್ನು ಜೀರುಂಡೆ ಎಂದು ಯಾರೂ ಹೇಳಲಾರರು. ಉದ್ದ ಸುಮಾರು 7ರಿಂದ 10 ಮಿಲಿಮೀಟರ್. ಅಗಲ ಒಂದು ಮಿಲಿಮೀಟರ್‌ನಷ್ಟು. ದೊಡ್ಡ ಇರುವೆಯೊಂದು ಅವಸರದಿಂದ ಓಡುತ್ತಿರುವಂತೆ ತೋರುತ್ತದೆ. ಆದರೆ ಇರುವೆಗಿರುವ ದಾರದಂತಹ ಸೊಂಟ ಇದಕ್ಕಿಲ್ಲ. ಇರುವೆಯ ಕುಡಿಮೀಸೆ ಮೊಣಕೈಯಂತೆ ನಡುವೆ ಬಾಗಿದ್ದರೆ ಇದರದು ಹನ್ನೊಂದು ತುಣುಕುಗಳ ನೇರವಾದ ಎಳೆ. ಎಲ್ಲಕ್ಕಿಂತ ಸುಲಭವಾದ ಗುರುತು ಬಣ್ಣಗಳ ಸಾಲು. ತಲೆಯಿಂದ ಹಿಂತುದಿಯವರೆಗೆ ನೋಡುತ್ತ ಹೋದರೆ ಕಪ್ಪು, ಕಿತ್ತಳೆ, ನೀಲಿ, ಕಿತ್ತಳೆ, ಕಪ್ಪು ಎಂಬ ಐದು ಪಟ್ಟಿಗಳು ಸಿಗುತ್ತವೆ. ತಲೆ ಕಪ್ಪು, ಅದರ ಹಿಂದಿನ ಎದೆಯ ಭಾಗ ಕೆಂಪುಛಾಯೆಯ ಕಿತ್ತಳೆ, ಗಟ್ಟಿಯಾದ ಮುಂರೆಕ್ಕೆಗಳು ಲೋಹದ ಹೊಳಪಿನ ಕಡುನೀಲಿ, ಕೆಲವೊಮ್ಮೆ ಹಸಿರು ಬೆರೆತದ್ದು, ಉದರದ ಮೊದಲ ನಾಲ್ಕು ಖಂಡಗಳು ಕಿತ್ತಳೆ, ಕೊನೆಯ ಎರಡು ಕಪ್ಪು.

ಮುಂರೆಕ್ಕೆಗಳ ಅಳತೆಯನ್ನೂ ಗಮನಿಸಬೇಕು. ಸಾಮಾನ್ಯ ಜೀರುಂಡೆಯಲ್ಲಿ ಅವು ಪೆಟ್ಟಿಗೆಯ ಮುಚ್ಚಳದಂತೆ ಬೆನ್ನನ್ನೆಲ್ಲ ಮುಚ್ಚುತ್ತವೆ. ಇಲ್ಲಿಯಾದರೋ ತೋಳಿಲ್ಲದ ಗಿಡ್ಡ ಅಂಗಿಯಂತೆ ಬೆನ್ನಿನ ಮುಂಭಾಗಕ್ಕಷ್ಟೇ ನಿಂತು ಉದರವನ್ನು ಬರಿದಾಗಿ ಬಿಟ್ಟಿರುತ್ತವೆ. ಹಾರಲು ಬಳಸುವ ತೆಳುವಾದ ಹಿಂರೆಕ್ಕೆಗಳು ಹಲವು ಮಡಿಕೆಗಳಾಗಿ ಅವುಗಳ ಅಡಿಯಲ್ಲಿಯೇ ಅಡಗಿರುತ್ತವೆ. ಕೆಣಕಿದಾಗ ಈ ಕೀಟವು ಚೇಳಿನಂತೆ ಹಿಂಭಾಗವನ್ನು ಮೇಲೆತ್ತುತ್ತದೆ. ನೋಡಿದವರಿಗೆ ಕುಟುಕಿಬಿಡುತ್ತದೆಂಬ ಭಯವಾಗುತ್ತದೆ; ಆದರೆ ಅದಕ್ಕೆ ಕೊಂಡಿಯೇ ಇಲ್ಲ.

ಪೀಡೆರಸ್ ಎಂಬ ಜಾತಿಯಲ್ಲಿ 600ಕ್ಕೂ ಹೆಚ್ಚು ಪ್ರಭೇದಗಳಿದ್ದು, ಅನೇಕವು ಇದೇ ಬಣ್ಣಗಳನ್ನು ಧರಿಸಿರುತ್ತವೆ. ಆದಕಾರಣ ಪ್ರಭೇದವನ್ನು ಖಚಿತಪಡಿಸಲು ತಜ್ಞರು ಸೂಕ್ಷ್ಮದರ್ಶಕದ ಅಡಿಯಲ್ಲಿ ಗಂಡು ಕೀಟದ ಜನನಾಂಗದ ರಚನೆಯನ್ನು ಪರೀಕ್ಷಿಸುತ್ತಾರೆ. ಗೃಹಸ್ಥರಿಗೆ ಅಷ್ಟು ಸೂಕ್ಷ್ಮ ಬೇಕಿಲ್ಲ. ಐದು ಪಟ್ಟಿಗಳೂ ಗಿಡ್ಡ ರೆಕ್ಕೆಯೂ ಕಂಡರೆ ಅದನ್ನು ಬರಿಗೈಯಿಂದ ಹೊಸಕಬಾರದೆಂದು ತಿಳಿದರೆ ಸಾಕು.

ಹೆಸರಿನ ಗೊಂದಲ

ಈ ಪ್ರಭೇದವನ್ನು 1826ರಲ್ಲಿ ವರ್ಣಿಸಿದವನು ಬ್ರಿಟನ್ನಿನ ಕೀಟಶಾಸ್ತ್ರಜ್ಞ ಜಾನ್ ಕರ್ಟಿಸ್. ಫ್ಯೂಸಿಪೆಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕಪ್ಪುಮಿಶ್ರಿತ ಕಾಲುಳ್ಳದ್ದು ಎಂದರ್ಥ. ಪೀಡೆರಸ್ ಎಂದೊಡನೆ ಕನ್ನಡದ ಕಿವಿಗೆ ‘ಪೀಡೆ’ ಎಂದು ಕೇಳಿಸುವುದು ಕೇವಲ ಕಾಕತಾಳೀಯ.

2022ರ ಜುಲೈ ತಿಂಗಳಿನಲ್ಲಿ ಸಿಕ್ಕಿಂನ ಇಂಜಿನಿಯರಿಂಗ್ ಕಾಲೇಜೊಂದರ ಸುಮಾರು ನೂರು ವಿದ್ಯಾರ್ಥಿಗಳಿಗೆ ಇಂತಹ ಗುಳ್ಳೆಗಳಾದಾಗ ‘ನೈರೋಬಿ ನೊಣ’ ಎಂಬ ಹೆಸರು ಪತ್ರಿಕೆಗಳಲ್ಲಿ ಪ್ರಚಾರ ಪಡೆಯಿತು. ಆಫ್ರಿಕದಿಂದ ಹೊಸ ಪಿಡುಗೊಂದು ಬಂದಿತೆಂಬ ಆತಂಕವೂ ಹಬ್ಬಿತು. ಇದು ನೊಣವಲ್ಲ. ಪೂರ್ವ ಆಫ್ರಿಕದಲ್ಲಿ ಇದೇ ಜಾತಿಯ ಬೇರೆ ಪ್ರಭೇದಗಳಿಂದ ಕಣ್ಣು ಊದಿಕೊಳ್ಳುವುದನ್ನು ‘ನೈರೋಬಿ ಕಣ್ಣು’ ಎನ್ನುವುದರಿಂದ ಆ ಹೆಸರು ಅಂಟಿಕೊಂಡಿದೆ. ಪೀಡೆರಸ್ ಜಾತಿ ಭಾರತಕ್ಕೆ ಹೊಸದಲ್ಲ. ಮಾಲ್ಕಮ್ ಕ್ಯಾಮರನ್ ಎಂಬ ವಿದ್ವಾಂಸರು 1930ರಿಂದ 1939ರವರೆಗೆ ಹೊರತಂದ ಸಂಪುಟಗಳಲ್ಲಿ ಈ ದೇಶದ ರೋವ್ ಜೀರುಂಡೆಗಳನ್ನು ಸವಿಸ್ತಾರವಾಗಿ ವರ್ಣಿಸಿದ್ದಾರೆ.

ಕಚ್ಚದೆ ಸುಡುವ ಬಗೆ

ಈ ಜೀರುಂಡೆ ಮನುಷ್ಯನನ್ನು ಕಚ್ಚಿ ವಿಷವೇರಿಸುವುದಿಲ್ಲ. ವಿಷ ಅದರ ದೇಹದ್ರವದಲ್ಲಿದೆ. ಮೈ ಒಡೆದಾಗ ಮಾತ್ರ ಹೊರಬಂದು ಚರ್ಮಕ್ಕೆ ತಗಲುತ್ತದೆ. ಕೀಟ ಸುಮ್ಮನೆ ಹರಿದು ಹೋದರೆ ಸಾಮಾನ್ಯವಾಗಿ ಯಾವ ಹಾನಿಯೂ ಇಲ್ಲ. ಪೆಡೆರಿನ್ ಎಂಬ ಈ ವಿಷವನ್ನು ಇಟಲಿಯ ಪವಾನ್ ಮತ್ತು ಬೋ ಎಂಬ ಸಂಶೋಧಕರು 1953ರಲ್ಲಿ ಬೇರ್ಪಡಿಸಿದರು. ಅದರ ಗುಣಸ್ವರೂಪವನ್ನು ಅರಿಯಲು ಹೊಲಗಳಿಂದ ಹಿಡಿದು ತಂದ ಜೀರುಂಡೆಗಳ ಸಂಖ್ಯೆ ಎರಡೂವರೆ ಕೋಟಿ ಎಂದರೆ ಒಂದೊಂದರಲ್ಲಿರುವ ವಿಷ ಎಷ್ಟು ಅಲ್ಪವೆಂಬುದನ್ನು ಊಹಿಸಬಹುದು. ಇದರ ಸರಿಯಾದ ರಾಸಾಯನಿಕ ರಚನೆ ಸಿದ್ಧಪಟ್ಟದ್ದು 1968ರಲ್ಲಿ.

ಮತ್ತೊಂದು ಸಂಗತಿ ಹೆಚ್ಚು ಕುತೂಹಲಕರವಾದುದು. ಈ ವಿಷವನ್ನು ತಯಾರಿಸುವುದು ಜೀರುಂಡೆಯೇ ಅಲ್ಲ, ಅದರೊಳಗೆ ನೆಲೆಸಿರುವ ಒಂದು ಬಗೆಯ ಬ್ಯಾಕ್ಟೀರಿಯ. 2002ರಲ್ಲಿ ಪ್ರಕಟವಾದ ಸಂಶೋಧನೆಗಳು ಇದನ್ನು ತೋರಿಸಿಕೊಟ್ಟವು. ಬ್ಯಾಕ್ಟೀರಿಯ ಇರುವ ಹೆಣ್ಣುಗಳು ವಿಷವನ್ನು ಮೊಟ್ಟೆಗಳಿಗೂ ತುಂಬುತ್ತವೆ. ಮರಿಹುಳುಗಳನ್ನು ಹಿಡಿಯಬಂದ ಬೇಟೆಗಾರ ಜೇಡಗಳು ಇದರಿಂದ ಹಿಮ್ಮೆಟ್ಟುತ್ತವೆ. ಜನ ದೂರುವ ಜೇಡವೇ ಈ ವಿಷಕ್ಕೆ ಅಂಜುತ್ತದೆ!

ಪೆಡೆರಿನ್ ಚರ್ಮದ ಜೀವಕೋಶಗಳಲ್ಲಿ ಪ್ರೋಟೀನಿನ ತಯಾರಿಕೆಯನ್ನು ತಡೆಯುತ್ತದೆ. ಜೀವಕೋಶಗಳು ಒಡನೆಯೇ ಸಾಯದೆ ಕ್ರಮೇಣ ನಾಶವಾಗುವುದರಿಂದ ಉರಿ ಮತ್ತು ಗುಳ್ಳೆಗಳು ಸಾಮಾನ್ಯವಾಗಿ 24ರಿಂದ 48 ಗಂಟೆಗಳ ನಂತರ ತೋರುತ್ತವೆ. ಒರಸಿದ ಕೈ ಎತ್ತ ಸಾಗಿತೋ ಅತ್ತಲೇ ಗೆರೆ ಮೂಡುತ್ತದೆ. ಮೊಣಕೈಯ ಮಡಿಕೆಯಲ್ಲಿ ಕೀಟ ನುಜ್ಜಾದರೆ ಮಡಿಕೆಯ ಎರಡೂ ಬದಿಗೆ, ಕನ್ನಡಿಯಲ್ಲಿ ಕಂಡಂತೆ, ಒಂದೇ ಆಕಾರದ ಎರಡು ಗಾಯಗಳಾಗುತ್ತವೆ.

ಸರ್ಪಸುತ್ತಿನಿಂದ ಬೇರ್ಪಡಿಸಲು ಈ ಲಕ್ಷಣಗಳು ನೆರವಾಗುತ್ತವೆ. ಸರ್ಪಸುತ್ತಿನಲ್ಲಿ ಬಹುಮಟ್ಟಿಗೆ ನೋವು ಮೊದಲು, ಗುಳ್ಳೆ ಅನಂತರ. ಗುಳ್ಳೆಗಳು ಗೊಂಚಲುಗಳಾಗಿ ನರದ ಹಾದಿಯನ್ನನುಸರಿಸಿ ದೇಹದ ಒಂದೇ ಪಾರ್ಶ್ವದಲ್ಲಿ ಏಳುತ್ತವೆ. ಜೀರುಂಡೆಯ ಗಾಯಕ್ಕೆ ನರದ ಹಂಗಿಲ್ಲ. ಮುಖ, ಕುತ್ತಿಗೆ, ತೋಳು ಮುಂತಾದ ತೆರೆದ ಭಾಗಗಳಲ್ಲಿ ಅದು ಹೆಚ್ಚು. ಆದರೂ ಕೊನೆಯ ನಿರ್ಣಯ ವೈದ್ಯರದೇ. ಸರ್ಪಸುತ್ತಿನ ಔಷಧಿಯನ್ನು ಬೇಗನೆ ಆರಂಭಿಸಬೇಕಾಗಿರುವುದರಿಂದ ಸಂದೇಹವಿದ್ದಲ್ಲಿ ಕಾಯುತ್ತ ಕೂರುವುದು ತರವಲ್ಲ.

ತಗಲಿದಾಗ ಮಾಡಬೇಕಾದುದು

ಕೀಟವು ಮೈಮೇಲೆ ಕಂಡರೆ ಹೊಡೆಯದೆ ಊದಿ ಬೀಳಿಸಬೇಕು, ಇಲ್ಲವೇ ಕಾಗದದ ಚೂರಿಗೆ ಹತ್ತಿಸಿ ಹೊರಗೆ ಬಿಡಬೇಕು. ಅಕಸ್ಮಾತ್ ನುಜ್ಜಾದರೆ ಆ ಜಾಗವನ್ನೂ ಕೈಬೆರಳುಗಳನ್ನೂ ಕೂಡಲೇ ಸಾಬೂನು ಹಚ್ಚಿ ಧಾರಾಳವಾದ ನೀರಿನಿಂದ ತೊಳೆಯಬೇಕು. ಬೆರಳುಗಳನ್ನು ತೊಳೆಯುವುದನ್ನು ಜನ ಮರೆಯುತ್ತಾರೆ. ಕಣ್ಣಿಗೆ ವಿಷ ತಲುಪುವುದು ಹೆಚ್ಚಾಗಿ ಬೆರಳುಗಳಿಂದಲೇ. ತೊಟ್ಟ ಬಟ್ಟೆ ಮತ್ತು ಟವೆಲನ್ನೂ ಒಗೆಯುವುದು ಒಳ್ಳೆಯದು. ಉರಿಗೆ ತಣ್ಣೀರಿನ ಪಟ್ಟಿ ಹಿತಕರ. ಸುಣ್ಣ, ಟೂತ್‌ಪೇಸ್ಟ್ ಮೊದಲಾದುವನ್ನು ಬಳಿಯಬಾರದು, ಗುಳ್ಳೆಗಳನ್ನು ಒಡೆಯಬಾರದು. ಕಣ್ಣಿಗೆ ತಗಲಿದರೆ ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು ತಡಮಾಡದೆ ನೇತ್ರವೈದ್ಯರ ಬಳಿಗೆ ಹೋಗಬೇಕು. ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಸಲಹೆಯಿಲ್ಲದೆ ಬಳಸುವುದು, ಅದರಲ್ಲಿಯೂ ಕಣ್ಣಿನ ಸುತ್ತ, ಅಪಾಯಕರ. ಸಾಧಾರಣ ಗಾಯಗಳು ಒಂದರಿಂದ ಮೂರು ವಾರಗಳಲ್ಲಿ ಮಾಗುತ್ತವೆ. ಕಪ್ಪು ಕಲೆ ಮಾತ್ರ ಇನ್ನೂ ಕೆಲವು ಕಾಲ ಉಳಿಯಬಹುದು.

ಗದ್ದೆಯಿಂದ ಮನೆಗೆ

ಇದರ ನಿಜವಾದ ಮನೆ ಭತ್ತದ ಗದ್ದೆ, ಕೆರೆಯಂಗಳ, ಹಳ್ಳದ ದಡಗಳಂತಹ ತೇವದ ನೆಲ. ಹೆಣ್ಣು ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಎರಡು ಹಂತಗಳಲ್ಲಿ ಬೆಳೆದು ಮಣ್ಣಿನಲ್ಲಿಯೇ ಕೋಶಾವಸ್ಥೆ ಕಳೆಯುತ್ತದೆ. ಭತ್ತದ ರಸ ಹೀರುವ ಕಂದು ಜಿಗಿಹುಳು ಮೊದಲಾದ ಕೀಟಗಳು ಇದರ ಆಹಾರ. ರೈತನ ಲೆಕ್ಕದಲ್ಲಿ ಇದು ಮಿತ್ರಕೀಟ. ಇದನ್ನು ಕೊಲ್ಲಲೆಂದು ಗದ್ದೆಗೆ ಔಷಧಿ ಹೊಡೆದರೆ ಜಿಗಿಹುಳುವಿಗೆ ಅನುಕೂಲವಾದೀತು.

ಮಳೆಗಾಲದಲ್ಲಿ ಇವುಗಳ ಸಂಖ್ಯೆ ಏರಿದಾಗ, ಮತ್ತು ಕೊಯ್ಲಿನಿಂದ ಆಸರೆ ತಪ್ಪಿದಾಗ, ರಾತ್ರಿಯ ದೀಪಗಳತ್ತ ಹಾರಿ ಬರುತ್ತವೆ. ನಗರಗಳ ಅಂಚಿನಲ್ಲಿ ಗದ್ದೆಗೆ ತಾಗಿ ಎದ್ದ ಬಡಾವಣೆಗಳು, ವಿದ್ಯಾರ್ಥಿನಿಲಯಗಳು, ಕೂಲಿಗಾರರ ವಸತಿಗಳು ಈ ಹಾದಿಯಲ್ಲಿಯೇ ಇರುತ್ತವೆ. ಕಿಟಕಿಗಳಿಗೆ ಸಣ್ಣ ಕಣ್ಣಿನ ಜಾಲರಿ, ಮಲಗುವಾಗ ಸೊಳ್ಳೆಪರದೆ, ಹಾಸಿಗೆಯ ನೇರಕ್ಕೆ ದೀಪವಿರದಂತಹ ಏರ್ಪಾಡು ಉಪಯುಕ್ತ. ಟ್ಯೂಬ್‌ಲೈಟಿನ ಕೆಳಗೆ ಮಂಚವಿದ್ದರೆ ಮಳೆಗಾಲ ಮುಗಿಯುವವರೆಗಾದರೂ ಅದನ್ನು ಅತ್ತ ಸರಿಸಬೇಕು. ಮಲಗುವ ಮುನ್ನ ದಿಂಬನ್ನೂ ಹೊದಿಕೆಯನ್ನೂ ಒಮ್ಮೆ ಕೊಡವಿ, ಮಗುವಿನ ತೊಟ್ಟಿಲನ್ನು ದೀಪ ಹಿಡಿದು ನೋಡುವುದು ಐದು ನಿಮಿಷದ ಕೆಲಸ.