ಅಲುಗದ ಪಂಚಮ

ತಮ್ಮಾ, ನೀನು ಫೋನಿನಲ್ಲಿ ಕಳಿಸಿದ ಕೊಳಲು ಕೇಳಿದೆ. ಬೆರಳು ಚುರುಕಾಗಿವೆ. ಬರೀ ಗಾಳಿಯ ಸದ್ದು ಕಡಿಮೆಯಾಗಿ ಸ್ವರದ ಪಾಲು ಹೆಚ್ಚಿದೆ. ಅಲ್ಲಿಗೆ ಮುಟ್ಟುವಷ್ಟರಲ್ಲೇ ಎಷ್ಟೋ ಮಂದಿ ಕೊಳಲನ್ನು ಗೂಡಿನಲ್ಲಿಟ್ಟು ಮರೆತುಬಿಡುತ್ತಾರೆ, ನೀನು ಬಿಡಲಿಲ್ಲ. ಈಗ ಸ್ವರವನ್ನು ಅಲುಗಿಸುವುದು ಹೇಗೆ ಅಂತ ಕೇಳಿದ್ದೀಯ. ನಿನ್ನ ನುಡಿಸಾಣಿಕೆಯಲ್ಲಿ ಅಲುಗಾಟ ಆಗಲೇ ಇದೆ. ಸ್ವರ ಹುಟ್ಟಿದ ಕ್ಷಣದಿಂದ ನಡುಗುತ್ತದೆ. ಷಡ್ಜವೂ ನಡುಗುತ್ತದೆ, ಪಂಚಮವೂ ನಡುಗುತ್ತದೆ, ಉಸಿರು ಮುಗಿಯುವಲ್ಲಿ ಇನ್ನಷ್ಟು ನಡುಗುತ್ತದೆ. ಅದು ನೀನು ನಡುಗಿಸಿದ್ದಲ್ಲ, ತಾನಾಗಿ ನಡುಗಿದ್ದು. ನೀನು ಬೇಕೆಂದಾಗ ಬಂದು ಬೇಡವೆಂದಾಗ ನಿಲ್ಲುವುದಾದರೆ ಮಾತ್ರ ಅದು ನಿನ್ನದು.

ಹಾಗಾಗಿ ಮೊದಲ ಪಾಠ ನಿಲ್ಲಿಸುವುದು. ತಂಬೂರಿ ಹಚ್ಚು, ಆ್ಯಪ್ ಆದರೂ ಆದೀತು. ಆರೂ ರಂಧ್ರ ಮುಚ್ಚಿ ಮಂದ್ರ ಪಂಚಮ ಹಿಡಿ. ಅದಕ್ಕೆ ಜೋರು ಬೇಕಿಲ್ಲ, ತೆಳುವಾದ ಸಮನಾದ ಗಾಳಿ ಬೇಕು. ನಿನ್ನ ಸ್ವರಕ್ಕೂ ತಂಬೂರಿಗೂ ತುಸು ಅಂತರವಿದ್ದರೂ ಎರಡರ ನಡುವೆ ಒಂದು ತರಂಗ ಎದ್ದು ಉಬ್ಬುತ್ತಾ ಇಳಿಯುತ್ತಾ ಇರುತ್ತದೆ. ಎರಡೂ ಹತ್ತಿರವಾದಂತೆ ಆ ತರಂಗ ನಿಧಾನವಾಗುತ್ತದೆ, ಶ್ರುತಿ ಸೇರಿದ ಮೇಲೆ ಇಲ್ಲವಾಗುತ್ತದೆ. ಆ ಇಲ್ಲವಾಗುವುದನ್ನು ಕಿವಿಯಿಂದ ಗುರುತಿಸು. ಪರದೆಯ ಮೇಲಿನ ಮುಳ್ಳು ನೋಡುತ್ತಾ ಕೂತರೆ ಕಣ್ಣು ಕಲಿಯುತ್ತದೆ, ಕಿವಿ ಕಲಿಯುವುದಿಲ್ಲ. ಹಾಗೆ ಸೇರಿದ ಪಂಚಮ ಒಂದು ಉಸಿರಿನ ಉದ್ದಕ್ಕೂ ಅಲುಗದೆ ನಿಲ್ಲಲಿ. ಆಮೇಲೆ ಅದೇ ಬೆರಳಲ್ಲಿ ಗಾಳಿಯ ವೇಗ ಹೆಚ್ಚಿಸಿ ಮಧ್ಯಸ್ಥಾಯಿಯ ಪಂಚಮ ಹಿಡಿ. ಅಲ್ಲಿ ನಿಲ್ಲಿಸುವುದು ಇನ್ನೂ ಕಷ್ಟ.

ನಮ್ಮ ಕಡೆಯ ಸೆಕೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ, ಕೊಳಲಿನ ಶ್ರುತಿ ಮೇಲೇರುತ್ತದೆ. ಮೇ ತಿಂಗಳಲ್ಲಿ ಗದ್ವಾಲ, ಅಲಂಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಜನವರಿಯ ನಸುಕಿನಲ್ಲಿ ಸೇರಿದ್ದ ಶ್ರುತಿ ಆ ಮಧ್ಯಾಹ್ನಕ್ಕೆ ಸೇರುವುದಿಲ್ಲ. ಕೊಳಲನ್ನು ಬೈಯಬೇಡ, ತುಟಿ ತಿರುಚಿ ಎಳೆಯಲೂ ಹೋಗಬೇಡ. ಕೊಳಲನ್ನು ನಾಲ್ಕು ನಿಮಿಷ ಊದಿ ಬೆಚ್ಚಗಾದ ಮೇಲೆ ತಂಬೂರಿಯನ್ನೇ ಅದಕ್ಕೆ ಸರಿಹೊಂದಿಸಿಕೋ.

ಕೂರುವ ಜಾಗವೂ ಮುಖ್ಯ. ಊರಿಗೆ ಬಂದಾಗ ತುಂಗಭದ್ರೆಯ ದಂಡೆಯಲ್ಲಿ ಕೂತು ಊದಬೇಕು ಅನ್ನಿಸುತ್ತದೆ ನಿನಗೆ, ನನಗೂ ಅದು ಗೊತ್ತು. ತುಟಿಯಿಂದ ಹೊರಡುವ ಗಾಳಿಯ ಎಳೆ ಬಹಳ ತೆಳ್ಳಗಿನದು, ರಂಧ್ರದ ಆಚೆ ಅಂಚಿಗೆ ಬಡಿದಾಗಲೇ ಸ್ವರ ಹುಟ್ಟುವುದು. ಹೊಳೆಯ ಗಾಳಿ ಅದನ್ನು ಸರಿಸಿಬಿಡುತ್ತದೆ, ಸ್ವರ ತಾನೇ ಓಲಾಡುತ್ತದೆ. ಗುಡಿಯ ಕಲ್ಲುಮಂಟಪಗಳಲ್ಲಿ ತೊಂದರೆ ಬೇರೆ ಥರದ್ದು. ಚಾಲುಕ್ಯರ ನವಬ್ರಹ್ಮ ಗುಡಿಗಳ ಒಳಗಾಗಲಿ, ಶ್ರೀಶೈಲದ ಹಿನ್ನೀರಿಗೆ ಮುಳುಗದಂತೆ ಕೂಡವಲ್ಲಿಯಿಂದ ಬಿಚ್ಚಿ ತಂದು ನಮ್ಮ ಅಲಂಪುರದಲ್ಲಿ ಮತ್ತೆ ಕಟ್ಟಿದ ಸಂಗಮೇಶ್ವರ ಗುಡಿಯಲ್ಲಾಗಲಿ ಎಂಥ ಸ್ವರವೂ ಚೆಂದ ಕೇಳುತ್ತದೆ. ಕಲ್ಲು ಮರುದನಿ ಕೊಟ್ಟು ಎಲ್ಲ ಓರೆಕೋರೆಗಳನ್ನು ಮುಚ್ಚುತ್ತದೆ. ದೇವರ ಮುಂದೆ ಒಂದು ಪದ ನುಡಿಸಿ ಬಾ, ಆದರೆ ಅಭ್ಯಾಸಕ್ಕೆ ಹಾಸಿಗೆ ಬಟ್ಟೆಗಳಿರುವ ನಿನ್ನ ಹಾಸ್ಟೆಲಿನ ಕೋಣೆಯೇ ಸರಿ. ಅಲ್ಲಿ ಸ್ವರ ಇದ್ದದ್ದು ಇದ್ದ ಹಾಗೆ ಕೇಳುತ್ತದೆ.

ಪಂಚಮ ನಿಂತ ಮೇಲೆ ಉಸಿರಿನ ಕಂಪನಕ್ಕೆ ಬಾ. ಕೊಳಲು ಕೆಳಗಿಡು. ಒಂದು ಕೈ ಹೊಟ್ಟೆಯ ಮೇಲಿಟ್ಟು ದನಿಯಿಲ್ಲದೆ ಹ, ಹ, ಹ ಎಂದು ಗಾಳಿ ಬಿಡು. ಪ್ರತಿ ತಳ್ಳಿಗೂ ಕೈಗೆ ಹೊಟ್ಟೆಯ ಚಲನೆ ತಿಳಿಯಬೇಕು. ಈಗ ಆ ಹಕಾರಗಳ ನಡುವಿನ ಬಿಡುವು ತೆಗೆದು ಗಾಳಿ ಕಡಿಯದಂತೆ ಒಂದೇ ಹರಿವಿನಲ್ಲಿ ಏರಿಳಿಸು. ಕೊಳಲು ಎತ್ತಿಕೊಂಡು ಮಧ್ಯಸ್ಥಾಯಿಯ ಯಾವುದಾದರೂ ಹಿತವಾದ ಸ್ವರದ ಮೇಲೆ ಅದನ್ನೇ ಮಾಡು. ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಡು. ಮೊದಲು ಒಂದು ತಟ್ಟಿಗೆ ಒಂದು ಏರಿಳಿತ, ಅದು ಸಮವಾದ ಮೇಲೆ ಎರಡು, ಆಮೇಲೆ ಮೂರು, ನಾಲ್ಕು. ಸೆಕೆಂಡಿಗೆ ಐದು ಆರರ ಹತ್ತಿರ ಬಂದಾಗ ಎಣಿಕೆ ಕೈತಪ್ಪುತ್ತದೆ, ಏರಿಳಿತ ತಾನಾಗಿ ನಡೆಯತೊಡಗುತ್ತದೆ. ಜಗತ್ತಿನಲ್ಲಿ ಒಳ್ಳೆಯ ಹಾಡುಗಾರರ, ವಾದಕರ ಕಂಪನ ಹೆಚ್ಚುಕಡಿಮೆ ಅಷ್ಟರಲ್ಲೇ ಇರುತ್ತದೆ. ಅಲ್ಲಿಗೆ ಹಾರಿಹೋಗುವ ಆತುರ ಬೇಡ. ತಟ್ಟಿಗೆ ಎರಡು ಎನ್ನುವ ಹಂತದಲ್ಲಿ ಬಹಳ ದಿನ ಇರು. ಆ ನಿಧಾನದಲ್ಲಿ ಉಬ್ಬು ಎಷ್ಟು, ತಗ್ಗು ಎಷ್ಟು ಎಂಬುದು ಪೂರ್ತಿ ನಿನ್ನ ಕೈಲಿರುತ್ತದೆ.

ಗಂಟಲು ಬಿಗಿದು ಮಾಡಿದರೆ ಬೇಗ ಬರುತ್ತದೆ, ಅದೇ ಅಪಾಯ. ಬಿಗಿದ ಗಂಟಲಿನ ಕಂಪನ ಚಿಕ್ಕದಾಗಿ, ಅತಿ ವೇಗವಾಗಿ, ಆಡಿನ ಮರಿ ಒದರಿದ ಹಾಗೆ ಕೇಳುತ್ತದೆ. ಒಮ್ಮೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಗಂಟಲು ಸುಮ್ಮನೆ ಇರಬೇಕು ಅಂತ ನಾನು ಹೇಳುವುದಿಲ್ಲ. ವೇಗ ಹೆಚ್ಚಿದಾಗ ಅದೂ ಹಿತವಾಗಿ ಜೊತೆಗೂಡುತ್ತದೆ, ಬಿಗಿಯಬಾರದು ಅಷ್ಟೇ. ಕನ್ನಡಿಯ ಮುಂದೆ ಕೂತು ನೋಡಿಕೋ: ದವಡೆ, ತುಟಿ, ಭುಜ ಅಲುಗಬಾರದು. ಕೊಳಲನ್ನು ಕೈಯಿಂದ ಕುಲುಕುವುದಂತೂ ಬೇಡವೇ ಬೇಡ. ತಾರಸ್ಥಾಯಿಯಲ್ಲಿ ತಳ್ಳು ಕಡಿಮೆ ಇರಲಿ, ಇಲ್ಲದಿದ್ದರೆ ಸ್ವರ ಸಿಡಿದು ಮೇಲಕ್ಕೆ ಹಾರುತ್ತದೆ. ತಲೆ ಸುತ್ತಿದರೆ ಕೊಳಲಿಟ್ಟು ನೀರು ಕುಡಿ. ಉಂಡ ಕೂಡಲೇ ಊದಬೇಡ.

ಇಲ್ಲಿಯವರೆಗಿನದು ಯಾವ ವಿಡಿಯೊದಲ್ಲಾದರೂ ಸಿಕ್ಕೀತು. ನಾನು ಒತ್ತಿ ಹೇಳಬೇಕಾದದ್ದು ಮುಂದಿದೆ. ಉಸಿರಿನ ಕಂಪನದಲ್ಲಿ ಸ್ವರ ತನ್ನ ಮನೆ ಬಿಟ್ಟು ಹೋಗುವುದಿಲ್ಲ. ಗಾಳಿ ಹೆಚ್ಚಾದಾಗ ಗಟ್ಟಿಯಾಗಿ ಕೂದಲೆಳೆಯಷ್ಟು ಏರುತ್ತದೆ, ಕಡಿಮೆಯಾದಾಗ ಮೆತ್ತಗಾಗಿ ಅಷ್ಟೇ ಇಳಿಯುತ್ತದೆ. ನಮ್ಮ ರಾಗಗಳು ಕೇಳುವ ಅಲುಗಾಟ ಅದಲ್ಲ. ಅಲ್ಲಿ ಸ್ವರ ಪಕ್ಕದ ಸ್ವರದವರೆಗೆ ಹೋಗಿ ಮುಟ್ಟಿ ಬರುತ್ತದೆ, ಆ ಕೆಲಸ ಬೆರಳಿನದು. ದರ್ಬಾರಿಯ ಕೋಮಲ ಗಾಂಧಾರ ತೆಗೆದುಕೋ. ನಿನ್ನ ಆರು ರಂಧ್ರದ ಬಾನ್ಸುರಿಯಲ್ಲಿ ಮೊದಲ ರಂಧ್ರ ಮುಚ್ಚಿ ಎರಡನೆಯದನ್ನು ಅರ್ಧ ತೆರೆದರೆ ಅದು ಸಿಗುತ್ತದೆ. ಎರಡನೆಯ ಬೆರಳನ್ನು ಎತ್ತದೆ, ರಂಧ್ರದ ಮೇಲೆ ಜಾರಿಸುತ್ತಾ ಮುಚ್ಚುವಷ್ಟರ ಹತ್ತಿರಕ್ಕೆ ತಂದು ಮತ್ತೆ ಅರ್ಧಕ್ಕೆ ತೆಗೆದರೆ ಗಾಂಧಾರ ರಿಷಭದ ಕಡೆ ವಾಲಿ ಮೇಲೇಳುತ್ತದೆ. ಬಹಳ ನಿಧಾನವಾಗಿ, ಉಸಿರು ಒಂದಿಷ್ಟೂ ಅಲುಗದೆ ನಡೆಯಬೇಕು. ಭೈರವದ ಕೋಮಲ ರಿಷಭಕ್ಕೆ ಮೂರನೆಯ ಬೆರಳು ಇದೇ ಕೆಲಸ ಮಾಡುತ್ತದೆ. ಕರ್ನಾಟಕ ಪದ್ಧತಿಯ ತೋಡಿಯಲ್ಲಿ ಗಾಂಧಾರವನ್ನು ನೆಟ್ಟಗೆ ನಿಲ್ಲಿಸಿದರೆ ತೋಡಿಯೇ ಆಗುವುದಿಲ್ಲ. ಆದರೆ ಷಡ್ಜ, ಪಂಚಮಗಳು ಎರಡೂ ಪದ್ಧತಿಗಳಲ್ಲಿ ಅಚಲ. ಉಳಿದ ಸ್ವರಗಳ ಅಲುಗಾಟವನ್ನು ಕಿವಿ ಅಳೆಯುವುದು ಅವೆರಡರ ಆಧಾರದಿಂದ. ನೀನು ಅವನ್ನೂ ನಡುಗಿಸಿದೆ, ಅದಕ್ಕೇ ನಿನ್ನ ಗಾಂಧಾರದ ನಡುಕಕ್ಕೆ ಬೆಲೆ ಬರಲಿಲ್ಲ.

ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿದ್ದ ಶಾರ್ಙ್ಗದೇವ ತನ್ನ ಸಂಗೀತರತ್ನಾಕರದಲ್ಲಿ ಹದಿನೈದು ಗಮಕಗಳನ್ನು ಹೆಸರಿಸಿದ್ದಾನೆ. ತಿರಿಪ, ಸ್ಫುರಿತ, ಕಂಪಿತ, ಲೀನ, ಆಂದೋಲಿತ ಇವನ್ನು ಅವನು ಬೇರೆಬೇರೆ ಮಾಡುವುದು ಅಲುಗಾಟದ ವೇಗದಿಂದ. ಒಂದಕ್ಕಿಂತ ಮುಂದಿನದು ನಿಧಾನ. ಎಲ್ಲಕ್ಕೂ ಸೆಕೆಂಡಿಗೆ ಐದರ ಒಂದೇ ವೇಗ ಹಚ್ಚಿದರೆ ಆ ಸಂಪತ್ತೆಲ್ಲ ಒಂದೇ ಕಾಸಿಗೆ ಹೋಯಿತು. ಮೆಟ್ರೊನೋಮಿನ ಜೊತೆ ಒಂದರಿಂದ ಐದರವರೆಗೆ ಹತ್ತು ಅಂತ ನಿನಗೆ ಹೇಳಿದ್ದು ಇದಕ್ಕೇ. ಆ ಮೆಟ್ಟಿಲುಗಳೆಲ್ಲ ಮುಂದೆ ಬೇಕಾಗುತ್ತವೆ.

ಪಶ್ಚಿಮದ ಕೊಳಲಿಗೂ ಹಿಂದೆ ಬೆರಳಿನ ಕಂಪನ ಇತ್ತು ಎಂಬುದು ನಮ್ಮ ಹುಡುಗರಿಗೆ ಗೊತ್ತಿರುವುದಿಲ್ಲ. 1707ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದ ಓತ್ತೆತೇರನ ಕೊಳಲಿನ ಪಾಠಪುಸ್ತಕದಲ್ಲಿ ರಂಧ್ರದ ಅಂಚಿನ ಮೇಲೆ ಬೆರಳಾಡಿಸಿ ಸ್ವರವನ್ನು ಅಲುಗಿಸುವ ಕ್ರಮ ಇದೆ. ಅದೂ ಆಯ್ದ ಸ್ವರಗಳ ಮೇಲೆ ಹಾಕುವ ಅಲಂಕಾರವಾಗಿ. 1847ರಲ್ಲಿ ಬೋಮ್ ಎಂಬಾತ ಕೀಲಿಗಳಿರುವ ಲೋಹದ ಕೊಳಲು ರೂಪಿಸಿದ. ಕೀಲಿಯ ಮೇಲಿಟ್ಟ ಬೆರಳಿಗೆ ರಂಧ್ರದ ಅಂಚು ಸವರುವ ಸಲಿಗೆ ಇರಲಿಲ್ಲ. ಮುಂದೆ ಉಸಿರಿನ ಕಂಪನ ಬಲವಾಯಿತು. ನಿನ್ನದು ಬಿದಿರು, ಬೆರಳ ತುದಿಯ ಚರ್ಮ ನೇರವಾಗಿ ರಂಧ್ರದ ಮೇಲಿದೆ. ಆ ಅನುಕೂಲ ಇಟ್ಟುಕೊಂಡು ಬರೀ ಉಸಿರು ಕುಲುಕಿದರೆ ನನಗೆ ಸಂಕಟವಾಗುತ್ತದೆ.

ಬೆರಳಿಗೆ ಏನೇನು ಸಾಧ್ಯ ಅಂತ ತಿಳಿಯಬೇಕಾದರೆ ಟಿ. ಆರ್. ಮಹಾಲಿಂಗಂ, ಎಲ್ಲರೂ ಮಾಲಿ ಎನ್ನುವವರು, ಅವರ ಧ್ವನಿಮುದ್ರಿಕೆ ಕೇಳು. 1926ರಲ್ಲಿ ಹುಟ್ಟಿ 1986ರಲ್ಲಿ ತೀರಿಕೊಂಡರು. ಕಂಠದ ಗಮಕವನ್ನು ಕೊಳಲಿಗೆ ತರಲೆಂದೇ ಬೆರಳಿಡುವ ರೀತಿ, ಊದುವ ರೀತಿ ಎರಡನ್ನೂ ಬದಲಿಸಿದವರು ಅವರು. ಹಿಂದುಸ್ತಾನಿಗೆ ಪನ್ನಾಲಾಲ್ ಘೋಷ್. ಖಯಾಲಿನ ಗಾಂಭೀರ್ಯ ಸಣ್ಣ ಕೊಳಲಿಗೆ ಬಾರದೆಂದು ಉದ್ದನೆಯ ಬಾನ್ಸುರಿಯನ್ನು ಮುಂದೆ ತಂದರು. ಇಬ್ಬರಿಗೂ ಗುರಿ ಒಂದೇ, ಕೊಳಲು ಹಾಡಬೇಕು.

ಅದರಿಂದ ನಿನಗೆ ನನ್ನ ಮುಖ್ಯ ಮಾತು: ಊದುವ ಮೊದಲು ಹಾಡು. ಹಾಡಲು ದೂರ ಹೋಗಬೇಕಿಲ್ಲ. ಗದ್ವಾಲ, ಅಲಂಪುರ ಎರಡೂ 1956ರವರೆಗೆ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ಗಡಿ ಆಚೆ ಸರಿದರೂ ದಾಸರ ಪದಗಳು ನಮ್ಮ ಮನೆಗಳಿಂದ ಸರಿಯಲಿಲ್ಲ. ಗೋಪಾಲದಾಸರು ನೆಲೆಸಿದ ಉತ್ತನೂರು ಇರುವುದು ಐಜದ ಹತ್ತಿರ, ನಿನ್ನ ಗದ್ವಾಲದಿಂದ ಎಷ್ಟು ದೂರ? ಅವರ ಗುರು ವಿಜಯದಾಸರ ಚೀಕಲಪರವಿ, ಜಗನ್ನಾಥದಾಸರ ಮಾನವಿ ಎಲ್ಲ ಇದೇ ತುಂಗಭದ್ರೆ ಹರಿದು ಬರುವ ಸೀಮೆ. ಶಾಲೆಯಲ್ಲಿ ತೆಲುಗು ಓದಿದ ನಿನಗೆ ಆ ಪದಗಳ ಕನ್ನಡ ಅಜ್ಜಿಯ ಬಾಯಿಂದ ಬಂದಿದೆ, ಅದೇ ನಿನ್ನ ಬಂಡವಾಳ.

ಅಜ್ಜಿ ಹಾಡುವುದನ್ನು ಗಮನಿಸಿ ಕೇಳು. ಹ್ರಸ್ವಾಕ್ಷರದ ಮೇಲೆ ಅವರು ದನಿ ಅಲುಗಿಸುವುದಿಲ್ಲ, ಮುಟ್ಟಿ ಮುಂದೆ ಹೋಗುತ್ತಾರೆ. ದೀರ್ಘ ಬಂದಾಗ ಮೊದಲು ನೆಟ್ಟಗೆ ನಿಂತು ಆಮೇಲೆ ತುಸು ತೂಗುತ್ತಾರೆ. ಒತ್ತಕ್ಷರದಲ್ಲಿ ದನಿ ಬಡಿದು ಏಳುತ್ತದೆ. ಯಾರೂ ಅವರಿಗೆ ಗಮಕದ ಹೆಸರು ಹೇಳಿಕೊಟ್ಟಿಲ್ಲ, ಮಾತಿನ ಅಳತೆಯೇ ಹೇಳಿಕೊಟ್ಟಿದೆ. ಕೊಳಲಿಗೆ ಅಕ್ಷರವಿಲ್ಲ, ನಿಜ. ಆದರೆ ನುಡಿಸುವವನ ಮನಸ್ಸಿನಲ್ಲಿ ಅಕ್ಷರ ಓಡುತ್ತಿದ್ದರೆ ಎಲ್ಲಿ ನಿಲ್ಲಬೇಕು, ಎಲ್ಲಿ ತೂಗಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ಉಸಿರು ತೆಗೆಯುವ ಜಾಗವೂ ಹಾಗೇ ಗೊತ್ತಾಗುತ್ತದೆ. ಗೋಪಾಲವಿಠಲ ಎಂಬ ಅಂಕಿತವನ್ನು ನಡುವೆ ಕಡಿದು ಉಸಿರೆಳೆಯಬೇಡ, ಅದಕ್ಕೆ ಮುಂಚೆಯೇ ಎದೆ ತುಂಬಿಕೋ. ಕೊನೆಯ ದೀರ್ಘ ಸ್ವರದಲ್ಲಿ ಉಸಿರಿನ ಕಂಪನ ಬೇಕೆನ್ನಿಸಿದರೆ ಹಾಕು, ನಾನು ಬೇಡ ಅನ್ನುವುದಿಲ್ಲ. ಅರ್ಧ ಉದ್ದ ನೆಟ್ಟಗೆ ಹೋಗಲಿ, ಉಳಿದರ್ಧದಲ್ಲಿ ಹಗುರಾಗಿ ಏಳಲಿ.

ವಿಡಿಯೊ ನೋಡಿ ಕಲಿಯುವುದನ್ನು ಬಿಡು ಅಂತ ಹೇಳಲಾರೆ. ನಮ್ಮಂಥ ಊರುಗಳಲ್ಲಿ ಕೊಳಲು ಕಲಿಸುವವರು ಮನೆಯ ಹತ್ತಿರ ಸಿಗುವುದಿಲ್ಲ. ಆದರೆ ವಿಡಿಯೊಗೆ ಕಿವಿಯಿಲ್ಲ, ನಿನ್ನ ಗಂಟಲು ಬಿಗಿದದ್ದನ್ನು ಅದು ಹೇಳುವುದಿಲ್ಲ. ತಿಂಗಳಿಗೊಮ್ಮೆಯಾದರೂ ಕರ್ನೂಲಿಗೋ ರಾಯಚೂರಿಗೋ ಹೋಗಿ ಬಲ್ಲವರ ಎದುರು ಕೂತು ನುಡಿಸು. ಕೊಳಲಿನವರೇ ಸಿಗಬೇಕೆಂದಿಲ್ಲ, ಹಾಡುಗಾರರಾದರೆ ಇನ್ನೂ ಒಳ್ಳೆಯದು. ನಿನ್ನ ನುಡಿಸಾಣಿಕೆಯನ್ನು ಫೋನಿನಲ್ಲಿ ಹಿಡಿದು ಮರುದಿನ ಕೇಳು. ಊದಿದ ಕೂಡಲೇ ಕೇಳಿದರೆ ಮನಸ್ಸು ತಾನು ಅಂದುಕೊಂಡದ್ದನ್ನೇ ಕೇಳಿಸಿಕೊಳ್ಳುತ್ತದೆ.

ಪುಷ್ಯದಲ್ಲಿ ಉತ್ತನೂರಿನ ಆರಾಧನೆಗೆ ಹೋಗೋಣ. ಅಷ್ಟರೊಳಗೆ ಒಂದು ಪದವನ್ನು ಬಾಯಲ್ಲಿ ಹಾಡಿ ಕೂರಿಸಿಕೊಂಡು ಕೊಳಲಿಗೆ ತಾ, ಒಂದು ಸಾಕು. ಬರುವಾಗ ಕೊಳಲಿನ ಒಳಗೆ ಸಾಸಿವೆ ಎಣ್ಣೆ ತೆಳ್ಳಗೆ ಸವರಿ ಬಟ್ಟೆಯಲ್ಲಿ ಸುತ್ತಿಕೋ, ಬಸ್ಸಿನಲ್ಲಿ ಬಿಸಿಲು ಬೀಳುವ ಕಿಟಕಿಯ ಕಡೆ ಇಡಬೇಡ, ಬಿದಿರು ಸೀಳಿಬಿಡುತ್ತದೆ. ಬಂದ ಮೇಲೆ ಪದ ಆಮೇಲೆ. ಮೊದಲು ಆ ಪಂಚಮ ಕೇಳಿಸು.