ಬೇರು ಹಿಡಿಯಿರಿ, ಇಂಗ್ಲಿಷ್ ಪದ ತಾನಾಗಿ ಬರುತ್ತದೆ

ಎಸ್‌ಎಸ್‌ಸಿ, ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೀರಾ? 'ನಂದು ಕನ್ನಡ ಮೀಡಿಯಂ, ವೊಕ್ಯಾಬುಲರಿ ವೀಕು' ಎನ್ನುವ ಅಭ್ಯಾಸವನ್ನು ಇಂದೇ ಬಿಡಿ. ವೃತ್ತಿ ಮತ್ತು ಜ್ಞಾನದ ಇಂಗ್ಲಿಷ್ ಪದಗಳಲ್ಲಿ ಬಹುಪಾಲು ಗ್ರೀಕ್, ಲ್ಯಾಟಿನ್ ಮೂಲದವು. ಬೇರು ಕೆಲವೇ, ಪದ ನೂರಾರು.

1. ಬಾಯಿಪಾಠ ನಿಲ್ಲಿಸಿ, ಪದ ಒಡೆಯಿರಿ.
ಗ್ರೀಕ್‌ನಲ್ಲಿ ಕಾರ್ಡಿಯಾ ಎಂದರೆ ಹೃದಯ, ಡರ್ಮ ಎಂದರೆ ಚರ್ಮ. ಕಾರ್ಡಿಯಾಲಜಿಸ್ಟ್, ಡರ್ಮಟಾಲಜಿಸ್ಟ್ ಯಾರೆಂದು ಇನ್ನು ಯಾರೂ ಹೇಳಿಕೊಡಬೇಕಿಲ್ಲ.

2. ಗೊಂದಲದ ಪದಗಳನ್ನು ಜೋಡಿಯಾಗಿ ಕಲಿಯಿರಿ.
ಸೈಕಾಲಜಿಸ್ಟ್, ಸೈಕಿಯಾಟ್ರಿಸ್ಟ್ ಎರಡರಲ್ಲೂ 'ಸೈಕಿ', ಅಂದರೆ ಮನಸ್ಸು, ಇದೆ. ಎರಡನೆಯದರಲ್ಲಿ ಮಾತ್ರ 'ಇಯಾಟ್ರೋಸ್' ಅಡಗಿದೆ, ಹಾಗೆಂದರೆ ವೈದ್ಯ. ಆದ್ದರಿಂದ ಮಾತ್ರೆ ಬರೆದುಕೊಡುವವರು ಸೈಕಿಯಾಟ್ರಿಸ್ಟ್. ಮಕ್ಕಳ ಡಾಕ್ಟರ್ ಪೀಡಿಯಾಟ್ರಿಷನ್‌ನಲ್ಲೂ ಇದೇ ವೈದ್ಯ ಕೂತಿದ್ದಾನೆ. ಎಟಿಮಾಲಜಿ ಪದಮೂಲದ ಶಾಸ್ತ್ರ, ಎಂಟಮಾಲಜಿ ಕೀಟಶಾಸ್ತ್ರ. ಆತುರದಲ್ಲಿ ಓದಿದವರು ಇಲ್ಲೇ ಎಡವುತ್ತಾರೆ. ಜೋಡಿಯಾಗಿ ಕಲಿತವರು ಎಡವುವುದಿಲ್ಲ.

3. ಪದದ ಕಥೆ ಹುಡುಕಿ.
ಕಥೆ ಗೊತ್ತಾದರೆ ಸ್ಪೆಲಿಂಗ್ ಕೂಡ ಮರೆಯುವುದಿಲ್ಲ. ಪ್ಲಂಬರ್ ಪದವನ್ನು ಇಂಗ್ಲಿಷಿನವರು 'ಪ್ಲಮರ್' ಎನ್ನುತ್ತಾರೆ, ಆದರೂ ಬರೆಯುವಾಗ 'ಬಿ' ಉಳಿದಿದೆ. ಲ್ಯಾಟಿನ್‌ನಲ್ಲಿ ಸೀಸಕ್ಕೆ ಪ್ಲಂಬಮ್ ಎನ್ನುತ್ತಾರೆ. ರೋಮನ್ನರ ಎಷ್ಟೋ ನೀರಿನ ಪೈಪುಗಳು ಸೀಸದವು, ಆ ಕೆಲಸ ಮಾಡುವವನೇ ಪ್ಲಂಬರ್. ಕೆಮಿಸ್ಟ್ರಿಯಲ್ಲಿ ಸೀಸದ ಪಿಬಿ ಚಿಹ್ನೆಯೂ ಪ್ಲಂಬಮ್‌ನಿಂದಲೇ ಬಂದದ್ದು. ಮೂಳೆ ಡಾಕ್ಟರ ಆರ್ಥೋಪೀಡಿಕ್ಸ್‌ನಲ್ಲಿ ಮೂಳೆಯೇ ಇಲ್ಲ! ಗ್ರೀಕ್‌ನಲ್ಲಿ ಆರ್ಥೋಸ್ ಎಂದರೆ ನೇರ, ಪೈಸ್ ಎಂದರೆ ಮಗು. ಮಕ್ಕಳ ಅಂಗವಕ್ರತೆ ಸರಿಪಡಿಸುವ ವಿದ್ಯೆಗೆ ಫ್ರಾನ್ಸಿನ ವೈದ್ಯ ನಿಕೊಲಾ ಆಂಡ್ರಿ 1741ರಲ್ಲಿ ಕಟ್ಟಿದ ಪದ ಅದು.

4. ನಿಮ್ಮ ಕನ್ನಡವನ್ನೇ ಬಂಡವಾಳ ಮಾಡಿಕೊಳ್ಳಿ.
ಇದು ನನಗೆ ಅತಿ ಇಷ್ಟದ ಸೂತ್ರ. ಕನ್ನಡದಲ್ಲಿ ನಾವು ದಿನವೂ ಬಳಸುವ ಸಂಸ್ಕೃತದ 'ಜ್ಞಾ', ಗ್ರೀಕಿನ 'ಗ್ನೋ', ಇಂಗ್ಲಿಷಿನ 'ನೋ' (ತಿಳಿಯುವುದು) ಮೂರೂ ಒಂದೇ ಮೂಲದ ಒಡಹುಟ್ಟುಗಳು. ಡಯಾಗ್ನೋಸಿಸ್ ಎಂದರೆ ರೋಗ ಯಾವುದೆಂದು ಅರಿಯುವುದು. ಪ್ರೊಗ್ನೋಸಿಸ್ ಎಂದರೆ ಅದು ಮುಂದೆ ಹೇಗೆ ಸಾಗಬಹುದೆಂಬ ಅಂದಾಜು. ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ 1869ರಲ್ಲಿ ಟಂಕಿಸಿದ ಅಗ್ನಾಸ್ಟಿಕ್ (ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವ) ಪದದ 'ಅ', ನಮ್ಮ 'ಅಜ್ಞಾನ'ದ 'ಅ' ಎರಡೂ ಒಂದೇ ನಿಷೇಧ. ಅರ್ಧ ದಾರಿ ನೀವು ಆಗಲೇ ನಡೆದಿದ್ದೀರಿ!

5. ಬೇರಿಗೊಂದು ಪುಟ ಮೀಸಲಿಡಿ.
ನಾರ್ಮನ್ ಲೂಯಿಸ್ ಬರೆದ 'ವರ್ಡ್ ಪವರ್ ಮೇಡ್ ಈಸಿ' ಕೊಂಡು ಕಪಾಟಿನಲ್ಲಿಡಬೇಡಿ. ದಿನಕ್ಕೊಂದು ಸೆಷನ್ ಮುಗಿಸಿ. ಕಲಿತ ಪದವನ್ನು ಅಂದೇ ಒಂದು ವಾಕ್ಯದಲ್ಲಿ ಜೋರಾಗಿ ಹೇಳಿ. ನಿಮ್ಮ ನೋಟ್‌ಬುಕ್‌ನ ಮೊದಲ ಪುಟಕ್ಕೆ ಲ್ಯಾಟಿನ್‌ನ 'ಮಾನುಸ್' ಇರಲಿ, ಅರ್ಥ ಕೈ. ಅದರ ಕೆಳಗೆ ಮ್ಯಾನುಯಲ್, ಮ್ಯಾನಿಕ್ಯೂರ್, ಮ್ಯಾನುಸ್ಕ್ರಿಪ್ಟ್ ಬರೆಯಿರಿ. ಮ್ಯಾನೇಜರ್ ಪದವನ್ನೂ ಸೇರಿಸಿ. ಅದು ಕುದುರೆ ಪಳಗಿಸುವುದಕ್ಕೆ ಇಟಲಿಯವರು ಬಳಸುತ್ತಿದ್ದ, ಮಾನುಸ್‌ನಿಂದಲೇ ಹುಟ್ಟಿದ ಮಾತಿನಿಂದ ಬಂದದ್ದು.