ಪತ್ತಿನ ಕಾರ್ಡಿನ ಸಾಲವೂ ವಸೂಲಿಗಾರರ ವ್ಯವಹಾರವೂ

ನಮ್ಮ ಸೊಲ್ಲಾಪುರ ಸೀಮೆಯ ಹಿರಿಯರಿಗೆ ಸಾಲವೆಂಬುದು ಹೊಸ ಸಂಗತಿಯೇನಲ್ಲ. 1875ರಲ್ಲಿ ಪುಣೆ ಹಾಗೂ ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಅದರ ಪರಿಣಾಮವಾಗಿ 1879ರಲ್ಲಿ ದಖ್ಖಣದ ಕೃಷಿಕರ ಪರಿಹಾರ ಕಾಯದೆ ಹುಟ್ಟಿತು. ಅದು ಸೊಲ್ಲಾಪುರ ಜಿಲ್ಲೆಗೂ ಅನ್ವಯಿಸಿತು. ಅಕ್ಕಲಕೋಟೆ, ಜತ್ತಗಳು ಆಗ ಸಂಸ್ಥಾನಗಳಾಗಿದ್ದುದರಿಂದ ಅವುಗಳ ಮಾತು ಬೇರೆ. ಆ ಕಾಯದೆಯಲ್ಲಿ ಎರಡು ಅಂಶಗಳು ಮುಖ್ಯವಾಗಿದ್ದವು. ನ್ಯಾಯಾಧೀಶನು ಸಾಲಪತ್ರದ ಮೇಲಿನ ಅಂಕಿಯನ್ನೇ ನಂಬದೆ ಅದರ ಹಿಂದಿನ ಲೆಕ್ಕವನ್ನು ಬಿಡಿಸಿ ನೋಡತಕ್ಕದ್ದು. ಹಣ ಕೊಟ್ಟ ರೈತನು ರಸೀದಿಯನ್ನು ಕೇಳಿ ಪಡೆಯಬಹುದು. ಇಂದು ಸಾಹುಕಾರನ ಸ್ಥಾನದಲ್ಲಿ ಬ್ಯಾಂಕು ಬಂದಿದೆ, ಸಾಲಪತ್ರದ ಸ್ಥಾನದಲ್ಲಿ ಅಂಗೈಯಗಲದ ಕಾರ್ಡು ಬಂದಿದೆ. ಲೆಕ್ಕ ಮತ್ತು ರಸೀದಿ ಇವೆರಡರ ಅಗತ್ಯ ಮಾತ್ರ ಹಾಗೆಯೇ ಉಳಿದಿದೆ.

ಪತ್ತಿನ ಸಹಕಾರ ಸಂಘವನ್ನು ಬಲ್ಲ ನಮ್ಮ ಪಾಲಕರಿಗೆ ‘ಪತ್ತು’ ಎಂಬ ಮಾತಿನ ಅರ್ಥವನ್ನು ಹೇಳಬೇಕಾದುದಿಲ್ಲ. ಕ್ರೆಡಿಟ್ ಕಾರ್ಡು ಎಂಬುದೂ ಅದೇ. ಬಿಲ್ಲಿನ ಪೂರ್ಣ ಮೊತ್ತವನ್ನು ಗಡುವಿನೊಳಗೆ ಕಟ್ಟಿದರೆ ಖರೀದಿಗೆ ಬಡ್ಡಿಯಿಲ್ಲ. ಕಟ್ಟದೆ ಬಾಕಿ ಉಳಿಸಿದರೆ ಆ ಬಾಕಿಗೂ ಬಡ್ಡಿ, ಅನಂತರದ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ. ಇಲ್ಲಿ ಮೇಲಿನ ತರಗತಿಯ ವಿದ್ಯಾರ್ಥಿಗಳು ಸೀಸದ ಕಡ್ಡಿಯನ್ನು ಕೈಗೆ ತೆಗೆದುಕೊಳ್ಳಬೇಕು. ಬಾಕಿ 40,000 ರೂಪಾಯಿ, ಬಡ್ಡಿ ತಿಂಗಳಿಗೆ ನೂರಕ್ಕೆ 3.5 ಎಂದಿಟ್ಟುಕೊಳ್ಳೋಣ. ಮೊದಲ ತಿಂಗಳ ಬಡ್ಡಿ 1,400, ಅದರ ಮೇಲೆ ನೂರಕ್ಕೆ 18ರಂತೆ ಸರಕು ಮತ್ತು ಸೇವಾ ತೆರಿಗೆ 252, ಒಟ್ಟು 1,652. ಬಿಲ್ಲಿನಲ್ಲಿ ‘ಕನಿಷ್ಠ ಮೊತ್ತ’ವೆಂದು 2,000 ಕೇಳಿದ್ದಾರೆ, ನಾವು ಅಷ್ಟನ್ನು ಕಟ್ಟಿ ನಿಶ್ಚಿಂತರಾದೆವು. ಅಸಲಿನಲ್ಲಿ ಇಳಿದುದು ಕೇವಲ 348 ರೂಪಾಯಿ! ಹೊಸದಾಗಿ ಏನನ್ನೂ ಕೊಳ್ಳದೆ ತಿಂಗಳಿಗೆ 2,000ದಂತೆಯೇ ಕಟ್ಟುತ್ತ ಹೋದರೆ ಸಾಲ ತೀರಲು 44 ತಿಂಗಳು ಬೇಕು; ಕಟ್ಟಿದ ಹಣ 86,000ವನ್ನು ಮೀರುತ್ತದೆ. ಅದೇ ಸಾಲಕ್ಕೆ ತಿಂಗಳಿಗೆ 5,000 ಕಟ್ಟಿದರೆ ಹತ್ತು ತಿಂಗಳಲ್ಲಿ ಸುಮಾರು 49,500ಕ್ಕೆ ಮುಗಿಯುತ್ತದೆ. ಚಕ್ರಬಡ್ಡಿಯ ಪಾಠದಲ್ಲಿ ಎಷ್ಟೋ ಕಾಲ್ಪನಿಕ ಲೆಕ್ಕಗಳನ್ನು ಮಾಡಿಸುತ್ತೇವೆ. ಅವೆಲ್ಲಕ್ಕಿಂತ ಇದೊಂದು ಲೆಕ್ಕ ಮೇಲೆಂದು ನಮ್ಮ ಅಭಿಪ್ರಾಯ.

ಬಡ್ಡಿಯ ದರಕ್ಕೆ ಇಂತಿಷ್ಟೇ ಎಂಬ ಮಿತಿ ಇಲ್ಲವೇ ಎಂದು ಪಾಲಕರು ಕೇಳುವುದುಂಟು. ವರ್ಷಕ್ಕೆ ನೂರಕ್ಕೆ 30ನ್ನು ಮೀರಬಾರದೆಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ತೀರ್ಪಿತ್ತಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಗೊಳಿಸಿತು. ಆದುದರಿಂದ ಆ ಆಸರೆಯನ್ನು ನೆಚ್ಚುವಂತಿಲ್ಲ.

ಇನ್ನು ಬಾಕಿ ಬೆಳೆದ ಮೇಲಿನ ಮಾತು. ಕೆಲವು ತಿಂಗಳು ಕಟ್ಟದಿದ್ದರೆ ಬ್ಯಾಂಕು ವಸೂಲಿಯ ಕೆಲಸವನ್ನು ಒಂದು ಏಜೆನ್ಸಿಗೆ ಒಪ್ಪಿಸುತ್ತದೆ. ಅಲ್ಲಿಂದ ದೂರವಾಣಿಯ ಕರೆಗಳು ಆರಂಭವಾಗುತ್ತವೆ. ಮಗ ಪುಣೆಯಲ್ಲಿ ಕೆಲಸದಲ್ಲಿರುತ್ತಾನೆ. ಕರೆ ಮಾತ್ರ ಊರಲ್ಲಿರುವ ತಂದೆಗೆ. ಇಂಥ ಒಂದು ನೋಟೀಸನ್ನು ಹಿಡಿದು ಪಾಲಕರೊಬ್ಬರು ಕಳೆದ ವರ್ಷ ನಮ್ಮ ಕೋಣೆಗೆ ಬಂದಿದ್ದರು. ಇಂಗ್ಲೀಷಿನ ಆ ಕಾಗದವನ್ನು ಮನೆಯಲ್ಲಿ ಓದಬಲ್ಲವಳು ಒಂಬತ್ತನೆಯ ತರಗತಿಯ ಮಗಳೊಬ್ಬಳೇ. ಅವಳು ‘ಅರೆಸ್ಟ್’ ಎಂಬ ಶಬ್ದವನ್ನು ಕಂಡು ಹೆದರಿ, ಮೂರು ದಿನ ಅದನ್ನು ಪುಸ್ತಕದ ಚೀಲದಲ್ಲಿ ಬಚ್ಚಿಟ್ಟಿದ್ದಳು. ತಂದೆಯಾದರೋ ಎತ್ತುಗಳನ್ನು ಮಾರುವ ವಿಚಾರದಲ್ಲಿದ್ದರು. ಕಾಗದವನ್ನು ನಾವು ನಿಧಾನವಾಗಿ ಓದಿದೆವು. ಅದು ನ್ಯಾಯಾಲಯದಿಂದ ಬಂದುದಲ್ಲ, ಏಜೆನ್ಸಿಯೇ ಬರೆದುದು. ಕೋರ್ಟಿನ ಮುದ್ರೆಯೂ ಇರಲಿಲ್ಲ, ದಾವೆಯ ಸಂಖ್ಯೆಯೂ ಇರಲಿಲ್ಲ.

ಆ ಕುಟುಂಬಕ್ಕೆ ಹೇಳಿದುದನ್ನೇ ಇಲ್ಲಿಯೂ ಹೇಳುತ್ತೇವೆ. ವಯಸ್ಸಿಗೆ ಬಂದ ಮಗನ ಕಾರ್ಡಿನ ಸಾಲಕ್ಕೆ ತಂದೆಯು ಜಾಮೀನು ನಿಂತಿರದಿದ್ದರೆ ಹೊಣೆಗಾರನಲ್ಲ. ಸಾಲಗಾರನು ತೀರಿಕೊಂಡರೂ ವಾರಸುದಾರರ ಹೊಣೆ ಅವನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಸಾಲ ತೀರಿಸಲಾಗದಿರುವುದು ಅಪರಾಧವಲ್ಲ. ಅದು ದಿವಾಣಿ ವ್ಯವಹಾರ. ಡಿಕ್ರಿಯಾದ ಮೇಲೂ, ಶಕ್ತಿಯಿದ್ದೂ ದುರ್ಬುದ್ಧಿಯಿಂದ ಕೊಡದವನ ಹೊರತು ಬಡತನದಿಂದ ಕೊಡಲಾರದವನನ್ನು ಸೆರೆಗೆ ಹಾಕಲಾಗದೆಂದು 1980ರಲ್ಲಿ ಸುಪ್ರೀಂ ಕೋರ್ಟು ಸಾರಿದೆ. ಆ ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ಆದರೆ ಚೆಕ್ಕು ಕೊಟ್ಟು ಅದು ಹಣವಿಲ್ಲದೆ ಹಿಂದಿರುಗಿದರೆ ಅದು ಬೇರೆ, ಅದಕ್ಕೆ ಶಿಕ್ಷೆಯುಂಟು. ವಸೂಲಿಗಾರನ ಒತ್ತಾಯಕ್ಕೆ ಮುಂದಿನ ತಾರೀಖಿನ ಚೆಕ್ಕನ್ನು ಬರೆದುಕೊಡಬಾರದೆನ್ನುವುದು ಈ ಕಾರಣಕ್ಕಾಗಿಯೇ.

ವಸೂಲಿಗಾರನಿಗೂ ಕಟ್ಟಳೆಗಳಿವೆ. ಬ್ಯಾಂಕುಗಳು ಬಲಪ್ರಯೋಗದಿಂದಲ್ಲ, ನ್ಯಾಯಮಾರ್ಗದಿಂದಲೇ ಸಾಲ ವಸೂಲು ಮಾಡತಕ್ಕದ್ದೆಂದು ಸುಪ್ರೀಂ ಕೋರ್ಟು 2007ರಲ್ಲಿಯೇ ಹೇಳಿದೆ. ರಿಜರ್ವ್ ಬ್ಯಾಂಕಿನ 2022ರ ಆಗಸ್ಟ್ 12ರ ಸುತ್ತೋಲೆಯಂತೆ, ಬಾಕಿಯ ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಅನಂತರ ಕರೆಯಕೂಡದು. ಬೈಯುವುದು, ಬೆದರಿಸುವುದು, ನಾಲ್ಕು ಜನರೆದುರು ಅವಮಾನಿಸುವುದು, ಕುಟುಂಬದವರ ಮತ್ತು ಸ್ನೇಹಿತರ ಖಾಸಗಿ ಜೀವನದಲ್ಲಿ ಕೈಹಾಕುವುದು, ಮೊಬೈಲಿಗೆ ಅಸಭ್ಯ ಸಂದೇಶ ಕಳಿಸುವುದು, ಇವೆಲ್ಲ ನಿಷಿದ್ಧ. ಏಜೆಂಟನು ತಪ್ಪಿದರೆ ಬ್ಯಾಂಕೇ ಹೊಣೆ. ಜೀವಬೆದರಿಕೆಯ ಮಾತು ಬಂದರೆ ಅದು ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮಿನ ಅಪರಾಧ. ಪೋಲೀಸ್ ಠಾಣೆಗೆ ಹೋಗಬಹುದು.

ಹಾಗಾದರೆ ಕರೆ ಬಂದಾಗ ಏನು ಮಾಡಬೇಕು? ನಮ್ಮ ಜನ ಮರ್ಯಾದೆಗೆ ಅಂಜಿ ಫೋನನ್ನು ಆರಿಸಿಬಿಡುತ್ತಾರೆ, ಇಲ್ಲವೆ ಸಿಟ್ಟಿನಿಂದ ಜಗಳಕ್ಕೆ ನಿಲ್ಲುತ್ತಾರೆ. ಎರಡರಿಂದಲೂ ಬಡ್ಡಿ ನಿಲ್ಲುವುದಿಲ್ಲ. ಮಾತಾಡಿದವನ ಹೆಸರು, ಏಜೆನ್ಸಿಯ ಹೆಸರು, ದಿನ, ವೇಳೆ, ಆಡಿದ ಮಾತು ಇವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಬೇಕು; ಈ ಕೆಲಸವನ್ನು ಮಕ್ಕಳು ಚೆನ್ನಾಗಿ ಮಾಡಬಲ್ಲರು. ಮನೆಗೆ ಬಂದವನಲ್ಲಿ ಗುರುತಿನ ಚೀಟಿಯನ್ನೂ ಬ್ಯಾಂಕು ಕೊಟ್ಟ ಅಧಿಕಾರಪತ್ರವನ್ನೂ ಕೇಳಬೇಕು. ಅವನ ಸ್ವಂತ ಖಾತೆಗೆ ಒಂದು ರೂಪಾಯಿಯನ್ನೂ ಕಳಿಸಬಾರದು. ವಸೂಲಿಗಾರರ ಸೋಗಿನಲ್ಲಿ ಮೋಸಗಾರರೂ ತಿರುಗುತ್ತಿದ್ದಾರೆ. ಹಣವು ಕಾರ್ಡಿನ ಖಾತೆಗೇ ಸಲ್ಲಬೇಕು, ರಸೀದಿ ಬ್ಯಾಂಕಿನದೇ ಇರಬೇಕು.

ಮರುದಿನವೇ ಬ್ಯಾಂಕಿಗೆ ಒಂದು ಪತ್ರ ಬರೆಯತಕ್ಕದ್ದು. ಅಸಲೆಷ್ಟು, ಬಡ್ಡಿಯೆಷ್ಟು, ದಂಡವೆಷ್ಟು ಎಂಬ ಬಿಡಿಲೆಕ್ಕವನ್ನು ಕೇಳಬೇಕು. ತಿಂಗಳಿಗೆ ನಿಜವಾಗಿ ಎಷ್ಟು ಕಟ್ಟಬಲ್ಲೆವೆಂಬುದನ್ನು ತಿಳಿಸಿ, ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಾಗಿ ಮಾರ್ಪಡಿಸಲು ಬೇಡಬೇಕು. ಕಟ್ಟಲಾರದಷ್ಟು ಮೊತ್ತವನ್ನು ಒಪ್ಪಿಕೊಂಡು ಎರಡನೆಯ ಕಂತಿಗೇ ತಪ್ಪುವುದಕ್ಕಿಂತ, ಚಿಕ್ಕ ಮೊತ್ತವನ್ನು ಒಪ್ಪಿ ತಪ್ಪದೆ ಕಟ್ಟುವುದು ಲೇಸು. ಕಿರುಕುಳದ ದೂರಿಗೆ ಬ್ಯಾಂಕು 30 ದಿನಗಳೊಳಗೆ ಉತ್ತರಿಸದಿದ್ದರೆ, ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, ರಿಜರ್ವ್ ಬ್ಯಾಂಕಿನ ಒಂಬಡ್ಸ್‌ಮನ್ನರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಗಡಿಯಾಚೆಯ ನಮಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. 2021ರ ನವೆಂಬರಿನಲ್ಲಿ ಈ ಏಕೀಕೃತ ವ್ಯವಸ್ಥೆ ಆರಂಭವಾದಾಗ, ಯಾವ ಭಾಷೆಯಲ್ಲಿ ಬರೆದ ದೂರನ್ನಾದರೂ ಸ್ವೀಕರಿಸಲು ಚಂಡೀಗಢದಲ್ಲಿ ಒಂದು ಕೇಂದ್ರವನ್ನು ತೆರೆಯಲಾಯಿತು. ಇಂಗ್ಲೀಷಿಗೂ ಮರಾಠಿಗೂ ತಡಕಾಡದೆ ಕನ್ನಡದಲ್ಲಿಯೇ ಬರೆಯಿರಿ. ನಮ್ಮ ಹತ್ತನೆಯ ತರಗತಿಯ ಹುಡುಗರಿಗೆ ಅರ್ಜಿ ಬರೆಯುವುದು ಪಠ್ಯದಲ್ಲಿಯೇ ಇದೆ.

ನಿಜವಾದ ಕೋರ್ಟಿನ ಸಮನ್ಸು ಬಂದರೆ ಮಾತ್ರ ಒಂದು ದಿನವೂ ತಡಮಾಡಕೂಡದು. ಹಾಜರಾಗದವನ ಮೇಲೆ ಏಕಪಕ್ಷೀಯವಾಗಿ ಡಿಕ್ರಿಯಾಗುತ್ತದೆ. ಲೋಕ ಅದಾಲತಿನ ನೋಟೀಸು ರಾಜಿಗೆ ಕರೆ, ಬಂಧನದ ಆಜ್ಞೆಯಲ್ಲ. ಆದರೆ ಅಲ್ಲಿ ಸಹಿ ಹಾಕಿದ ರಾಜಿಗೆ ಅಪೀಲಿಲ್ಲ. ಓದದೆ, ಓದಿಸಿಕೊಳ್ಳದೆ ಸಹಿ ಮಾಡಬೇಡಿ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ದೊರೆಯುತ್ತಾರೆ.

ಕೊನೆಗೆ ಕೆಲವು ಬ್ಯಾಂಕುಗಳು ಪೂರ್ತಿ ಬಾಕಿಗಿಂತ ಕಡಿಮೆ ಹಣಕ್ಕೆ ಒಪ್ಪಂದ ಮಾಡಿಕೊಳ್ಳುತ್ತವೆ. ಅದು ಬ್ಯಾಂಕಿನ ಲಿಖಿತ ಪತ್ರದಲ್ಲಿರಬೇಕು. ಏಜೆಂಟನ ಬಾಯಿಮಾತು ಸಾಲದು. ಹೀಗೆ ತೀರಿದ ಸಾಲವು ಪತ್ತಿನ ವರದಿಯಲ್ಲಿ ‘ಪೂರ್ಣ ಸಂದಾಯ’ವೆಂದಲ್ಲ, ‘ಒಪ್ಪಂದದಿಂದ ಇತ್ಯರ್ಥ’ವೆಂದು ದಾಖಲಾಗುತ್ತದೆ. ಮುಂದೆ ಮನೆಗೋ ಮಗಳ ಓದಿಗೋ ಸಾಲ ಕೇಳುವಾಗ ಅದು ಅಡ್ಡ ಬರಬಹುದು. ಶಕ್ತಿಯಿದ್ದವರು ಪೂರ್ತಿ ಕಟ್ಟುವುದೇ ಸರಿ. ಪಡೆದುದನ್ನು ಹಿಂದಿರುಗಿಸಬೇಕಾದ ಋಣ ನಮ್ಮ ಮೇಲಿದೆಯಷ್ಟೆ. ಯಾವ ರೀತಿಯಿಂದ ತೀರಿದರೂ ಬಾಕಿಯಿಲ್ಲವೆಂಬ ಪ್ರಮಾಣಪತ್ರವನ್ನು ಪಡೆದು, ಕಾರ್ಡನ್ನು ಮುಚ್ಚಲು ಬರೆದುಕೊಡಬೇಕು. ಪತ್ತಿನ ವರದಿಯನ್ನು ವರ್ಷಕ್ಕೊಮ್ಮೆ ಪುಕ್ಕಟೆಯಾಗಿ ತರಿಸಿ ನೋಡಬಹುದು. ಅದರಲ್ಲಿ ತಪ್ಪಿದ್ದು, ದೂರು ಕೊಟ್ಟು 30 ದಿನಗಳಾದರೂ ತಿದ್ದದಿದ್ದರೆ, ಅನಂತರದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲತಕ್ಕದ್ದೆಂದು ರಿಜರ್ವ್ ಬ್ಯಾಂಕು 2023ರ ಅಕ್ಟೋಬರಿನಲ್ಲಿ ಆಜ್ಞೆ ಮಾಡಿದೆ.